ಹೆಸರು ಹಿಡಿದು ಎಬ್ಬಿಸುವ ನೆಟ್ಟಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಗೆ ಅಂಟಿಕೊಂಡಿರುವ ಕಿಟಕಿಯಿಲ್ಲದ ಕೋಣೆಯಲ್ಲಿ, ಶಾಲು ಹೊದ್ದ ಹೆಂಗಸೊಬ್ಬರು ಕಪ್ಪು ಪರದೆಯ ಮುಂದೆ ಕೂತು ಇಡೀ ಕಟ್ಟಡವನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದಾರೆ. ಬೆರಳುಗಳು ಕೀಲಿಮಣೆಯ ಮೇಲೆ ಟಕಟಕ ಓಡುತ್ತವೆ, ಬಾಯಿ ತನ್ನ ಪಾಡಿಗೆ ತಾನು ಮಾತಾಡುತ್ತಲೇ ಇರುತ್ತದೆ. "ಏಳಪ್ಪಾ ರಾಯ, ಹೊರಗೆ ಜನ ಕ್ಯೂ ನಿಂತಾಯ್ತು" ಎನ್ನುತ್ತ ಅಂಕಿ ಅಕ್ಷರ ಬೆರೆತ ಒಂದು ಸಾಲನ್ನು ಬರೆದು ಎಂಟರ್ ಒತ್ತುತ್ತಾರೆ. ಎರಡು ಮಹಡಿ ಮೇಲೆ, ಇನ್ನೂ ದೀಪ ಹಾಕದ ಚೀಟಿ ಕೌಂಟರಿನಲ್ಲಿ ಕಂಪ್ಯೂಟರೊಂದು ಗೊರಗುಟ್ಟಿ ಕಣ್ಣು ಬಿಡುತ್ತದೆ.

"ಇದು ಒಂದೇ ಸಲಕ್ಕೆ ಏಳೋ ಮಗು" ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. "ಇದರ ಪಕ್ಕದಲ್ಲಿ ಇನ್ನೊಂದಿದೆ, ಅದನ್ನ ಮೂರು ಸಲ ಕರೀಬೇಕು. ಥೇಟ್ ನಮ್ಮನೆಯವರೇ."

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ನೆಟ್ಟಕ್ಕ ಎಂದೇ ಕರೆಯುವುದು. ನೆಟ್‌ವರ್ಕ್ ನೋಡಿಕೊಳ್ಳುವ ಅಕ್ಕ ಎಂಬಷ್ಟು ಉದ್ದ ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ವಿದ್ಯುತ್ ಉಳಿಸಬೇಕೆಂಬ ಆಡಳಿತದ ಆಜ್ಞೆಯಂತೆ ಪ್ರತಿ ಸಂಜೆ ನಾನೂರಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಮಲಗಿಸಲಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಅವೆಲ್ಲ ಎದ್ದು, ಮುಖ ತೊಳೆದು, ಕೆಲಸಕ್ಕೆ ಕೂತಿರಬೇಕು. ಮಹಡಿ ಮಹಡಿ ಹತ್ತಿ ಒಂದೊಂದರ ಗುಂಡಿ ಒತ್ತುತ್ತ ಹೋದರೆ ಕೊನೆಯದು ಏಳುವ ಹೊತ್ತಿಗೆ ಮೊದಲನೆಯದನ್ನು ಮಲಗಿಸುವ ಹೊತ್ತಾಗಿರುತ್ತದೆ. ಹಾಗಾಗಿ ನೆಟ್ಟಕ್ಕ ಕೂತಲ್ಲಿಂದಲೇ ಕೂಗುತ್ತಾರೆ.

ಹೇಗೆ ಕೂಗುವುದು ಎಂದು ಕೇಳಿದರೆ ಅವರಿಗೆ ಖುಷಿ. ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. "ನೋಡಿ, ಪ್ರತಿ ಕಂಪ್ಯೂಟರಿಗೂ ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಒಂದು ಅಡ್ರೆಸ್ ಅಚ್ಚು ಹಾಕಿರ್ತಾರೆ. ಮ್ಯಾಕ್ ಅಡ್ರೆಸ್ ಅಂತೀವಿ. ಮೈಮೇಲಿನ ಮಚ್ಚೆ ಇದ್ದ ಹಾಗೆ. ಕೋಣೆ ಬದಲಾಗಲಿ, ಬಾಗಿಲ ಮೇಲಿನ ಬೋರ್ಡು ಬದಲಾಗಲಿ, ಅದು ಮಾತ್ರ ಬದಲಾಗಲ್ಲ. ಮಲಗಿರೋವಾಗಲೂ ಅದರ ಒಂದು ಕಿವಿ ತೆರೆದಿರುತ್ತೆ. ನಾನಿಲ್ಲಿ ಆಜ್ಞೆ ಬರೆದು, ಮುಂದೆ ಆ ಅಡ್ರೆಸ್ ಹಾಕಿ ಬಿಟ್ಟರೆ ಕರೆ ಎಲ್ಲ ತಂತಿಗಳಲ್ಲೂ ಓಡುತ್ತೆ. ಒಂದೇ ಉಸಿರಿಗೆ ಹದಿನಾರು ಸಲ ಅದೇ ಹೆಸರು ಹೇಳುತ್ತೆ. ಎಲ್ಲರಿಗೂ ಕೇಳಿಸುತ್ತೆ, ಆದರೆ ಏಳೋದು ಆ ಹೆಸರಿನದು ಒಂದೇ. ಉಳಿದವು ಮಗ್ಗಲು ಬದಲಿಸಿ ಮಲಗ್ತವೆ."

ಇಷ್ಟನ್ನು ತನ್ನಷ್ಟಕ್ಕೆ ತಾನೇ ಆಗುವಂತೆ ಮಾಡಬಾರದೇ ಎಂದು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ಮಾಡಿದ್ದರಂತೆ. ಒಂದು ಮುಂಜಾನೆ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಎದ್ದು, ಕಟ್ಟಡದ ಹಳೇ ಫ್ಯೂಸು ಢಮಾರ್ ಎಂದು, ಆಸ್ಪತ್ರೆಯ ಮುಖ್ಯಸ್ಥರು ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ತ್ರಿಶಂಕು ಸ್ಥಿತಿಯಲ್ಲಿ ಉಳಿದರು. ಅವತ್ತಿನಿಂದ ಮಹಡಿ ಮಹಡಿಯಾಗಿ, ಉಸಿರು ಬಿಟ್ಟು ಬಿಟ್ಟು ಎಬ್ಬಿಸುವುದು ರೂಢಿ. ಮೊಂಡು ಹಿಡಿಯುವವುಗಳಿಗೆ ಮಾತ್ರ ಒಂದೊಂದಾಗಿ ಉಪಚಾರ.

ಆ ಮೊಂಡುಗಳಿಗೆಲ್ಲ ಅಡ್ಡಹೆಸರುಂಟು. ಹಳೇ ಕಡತಗಳ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಏಳುವುದು 'ತಾತ'. ಎಕ್ಸ್‌ರೇ ವಿಭಾಗದಲ್ಲಿ ಎದ್ದ ಮೇಲೂ ಅರ್ಧ ಗಂಟೆ ಯಾರೊಂದಿಗೂ ಮಾತಾಡದ್ದು 'ಭಾವ'. ರಕ್ತಪರೀಕ್ಷೆಯ ಕೌಂಟರಿನಲ್ಲಿ ಒಂದಿದೆ. ಯಾಕೋ ಏನೋ, ಕರೆಯುವ ಮೊದಲೇ ಎದ್ದು ಕೂತಿರುತ್ತದೆ. ಅದರ ಹೆಸರು 'ಅತ್ತೆ'. ಇದನ್ನು ಬರೆಯಬೇಡಿ ಎಂದು ನೆಟ್ಟಕ್ಕ ಮೊದಲು ಕೈಮುಗಿದರು. ಆಮೇಲೆ ಹೇಗೂ ಸಂಗತಿ ಹೊರಬಿದ್ದದ್ದರಿಂದ ಬರೆಯಲು ಅಡ್ಡಿಯಿಲ್ಲ ಎಂದರು.

ಇವತ್ತು ಅವರ ಮೈಯೆಲ್ಲ ಕಿವಿ. ಯಾಕೆಂದರೆ ನಿಜವಾದ ಅತ್ತೆ ಮೂರನೇ ಮಹಡಿಯ ಕಣ್ಣಿನ ವಿಭಾಗದಲ್ಲಿ, ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು, ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಾರೆ. ಪೊರೆ ತೆಗೆಸಲು ಅವರನ್ನು ಇಲ್ಲಿಗೆ ಕರೆತರುವುದು ಇದು ಮೂರನೇ ಸಲ. ಮೊದಲ ಸಲ ಕೆಮ್ಮು ಎಂದು ಡಾಕ್ಟರೇ ವಾಪಸು ಕಳಿಸಿದರು. ಎರಡನೇ ಸಲ, ತಮಗಿಂತ ಮೊದಲು ಒಳಗೆ ಹೋದವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದದ್ದನ್ನು ಕಂಡ ಅತ್ತೆ, ಬಾತ್‌ರೂಮಿಗೆಂದು ಎದ್ದು, ಹಿಂದಿನ ಗೇಟಿನಿಂದ ನಿಲುವಂಗಿಯಲ್ಲೇ ಬಸ್ಸು ಹತ್ತಿ ಮನೆ ಸೇರಿದ್ದರು. ಆ ನಿಲುವಂಗಿಯನ್ನು ಒಗೆದು ಮಡಿಚಿ ಹಿಂದಿರುಗಿಸಿದ್ದು ಸೊಸೆ.

ನಗುವಂಥದ್ದೇ ಆದರೂ ನೆಟ್ಟಕ್ಕನಿಗೆ ಒಳಗೊಳಗೇ ಭಯ. ಅತ್ತೆ ಹಿತ್ತಲಿನಲ್ಲಿ ಒಣಗಲು ಹಾಕಿದ ಟವೆಲಿನೊಂದಿಗೆ ಪಕ್ಕದ ಮನೆಯವಳೆಂದು ಮಾತಾಡಿದಾಗ ಎಲ್ಲರೂ ನಕ್ಕರು. ಬಾಣಲೆಗೆ ಎಣ್ಣೆಯ ಬದಲು ಪಾತ್ರೆ ತೊಳೆಯುವ ಸೋಪಿನ ನೀರು ಸುರಿದಾಗಲೂ ನಕ್ಕರು. ಹೋದ ವಾರ ಒಲೆಯ ಉರಿ ಕಾಣದೆ ತೋಳಿನ ಬಟ್ಟೆಗೆ ಬೆಂಕಿ ತಗುಲಿಸಿಕೊಂಡಾಗ ಯಾರೂ ನಗಲಿಲ್ಲ. ಹಗಲೆಲ್ಲ ಒಬ್ಬರೇ ಮನೆಯಲ್ಲಿರುವವರು. ಇವತ್ತು ಹೊರಡುವಾಗ ಅತ್ತೆ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: "ಇವತ್ತೂ ವಾಪಸ್ ಕಳಿಸಿದ್ರೆ ಮತ್ತೆ ನನ್ನ ಕರೀಬೇಡ. ಇರೋ ಮಬ್ಬಲ್ಲೇ ಇದ್ದುಬಿಡ್ತೀನಿ."

ಕಣ್ಣಿನ ಆಪರೇಷನ್ ಥಿಯೇಟರಿನ ಕಂಪ್ಯೂಟರಿಗೆ ನೆಟ್ಟಕ್ಕ ಕರೆ ಕಳಿಸುತ್ತಾರೆ. ಎದ್ದೆಯಾ ಎಂದು ಕೇಳುತ್ತಾರೆ. ಉತ್ತರವೇನೋ ಬರುತ್ತದೆ. ಅದೇ ಕ್ಷಣದಲ್ಲಿ ಪಕ್ಕದ ಲಾಂಡ್ರಿಯಿಂದ ಗೋಡೆ ನಡುಗುವಂತೆ ಒಂದು ಪ್ರೇಮಗೀತೆ ಶುರುವಾಗುತ್ತದೆ. ಅದರ ಹಿಂದೆಯೇ ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಥಿಯೇಟರಿನ ಸಿಸ್ಟರು.

"ಅಕ್ಕಾ, ಬಾಗಿಲ ಗಾಜಿನಿಂದ ನೋಡ್ತಾ ಇದೀನಿ, ಇನ್ನೂ ದೀಪಾನೇ ಬಂದಿಲ್ಲ!"

ಆ ಹಾಡನ್ನು ಅಲ್ಲೇ ಹಾಡಲು ಬಿಟ್ಟು, ನೆಟ್ಟಕ್ಕ ಈ ಕೋಣೆಗೆ ಬಂದ ಕಥೆಯನ್ನು ಸ್ವಲ್ಪ ಹೇಳಬೇಕು. ಅವರು ಇಲ್ಲಿಗೆ ಸೇರಿದ್ದು ಚೀಟಿ ಬರೆಯುವ ಕೆಲಸಕ್ಕೆ. ಕಂಪ್ಯೂಟರುಗಳು ಬಂದ ವರ್ಷ, ತಂತಿಗಳೆಲ್ಲ ಬಂದು ಸೇರುವ ಕಪಾಟನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಬಂತು. ಎಲ್ಲರೂ ಎಲ್ಲರ ಮುಖ ನೋಡಿದರು. ಕಪಾಟಿಗೆ ಹತ್ತಿರದ ಮೇಜು ಇವರದ್ದಾಗಿತ್ತು, ಅಷ್ಟೇ ಅರ್ಹತೆ. ಕಲಿಸಿದವರು ಯಾರೂ ಇಲ್ಲ. ತಂತಿ ಕಿತ್ತು, ಬೈಸಿಕೊಂಡು, ಮತ್ತೆ ಸಿಕ್ಕಿಸಿ, ಮತ್ತೆ ಬೈಸಿಕೊಂಡು ಕಲಿತ ವಿದ್ಯೆ. ಕಪಾಟು ನೆಲಮಾಳಿಗೆಗೆ ಇಳಿದಾಗ ಅದರ ಹಿಂದೆಯೇ ಇವರೂ ಇಳಿದರು, ತವರಿಂದ ಬಂದ ಪೆಟ್ಟಿಗೆಯ ಜೊತೆ ಬಂದವರ ಹಾಗೆ.

ಕೆಲಸ ಸರಿಯಾಗಿದ್ದರೆ ಇಂಥ ಒಬ್ಬರು ಇದ್ದಾರೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಆಸ್ಪತ್ರೆಗೆ ಆಸ್ಪತ್ರೆಯೇ ಇವರ ಕೋಣೆಗೆ ಫೋನು ಮಾಡುತ್ತದೆ. "ನೆಟ್ ಇಲ್ಲ" ಎಂದು ದೂರುವ ಮಕ್ಕಳ ಡಾಕ್ಟರು ಮೊಬೈಲ್ ಚಾರ್ಜ್ ಮಾಡಲು ತಾವೇ ಪ್ಲಗ್ ಕಿತ್ತಿರುತ್ತಾರೆ. ಲಾಂಡ್ರಿಯ ಬಿಸಿ ಗಾಳಿಗೆ ಕೋಣೆ ಸದಾ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿರುತ್ತದೆ. ನಸುಕಿನಲ್ಲಿ ಬರುವಾಗ ಹೊದ್ದ ಶಾಲು ಸೂರ್ಯ ಮೇಲೇರುವ ಹೊತ್ತಿಗೆ ಬೀಸಣಿಗೆಯಾಗುತ್ತದೆ. ಇವರೇನು ಕೆಲಸ ಮಾಡುತ್ತಾರೆಂದು ಮನೆಯಲ್ಲೂ ಯಾರಿಗೂ ಸ್ಪಷ್ಟವಿಲ್ಲ. ಫೋನ್ ಎತ್ತಿ "ಹಲೋ" ಅನ್ನುವ ಕೆಲಸ ಎಂದು ಅತ್ತೆ ನೆಂಟರಿಗೆಲ್ಲ ಹೇಳಿಟ್ಟಿದ್ದಾರೆ.

ಊರನ್ನೇ ಎಬ್ಬಿಸುವ ಇವರು ತಾವು ಏಳುವುದು ಹೇಗೆ? ಆ ವಿಷಯದಲ್ಲಿ ಮಾತ್ರ ನೆಟ್ಟಕ್ಕ ತಲೆ ತಗ್ಗಿಸುತ್ತಾರೆ. "ನಿದ್ದೆಯಲ್ಲಿ ನಾನು ಕೊರಡು. ಅಲಾರಾಂ ಗಡಿಯಾರಾನ ಖಾಲಿ ಸ್ಟೀಲ್ ಪಾತ್ರೆಯೊಳಗೆ ಇಟ್ಟಿರ್ತೀನಿ, ಸದ್ದು ಜೋರಾಗಲಿ ಅಂತ. ಅದು ಹೊಡ್ಕೊಂಡ್ರೆ ಬೀದಿಯೆಲ್ಲ ಏಳುತ್ತೆ, ಕೊನೆಗೆ ನಾನೂ ಏಳ್ತೀನಿ." ಅಮ್ಮನ ಮನೆ ಬಿಟ್ಟ ಮೇಲೆ ಮನುಷ್ಯರೊಬ್ಬರು ಬಂದು ತನ್ನನ್ನು ಎಬ್ಬಿಸಿದ್ದೇ ನೆನಪಿಲ್ಲವಂತೆ.

ಈಗ ಹಾಡಿಗೆ ಬರೋಣ. ನೆಟ್ಟಕ್ಕ ಲಾಂಡ್ರಿಯೊಳಗೆ ನುಗ್ಗಿದಾಗ, ಒಗೆದ ಹಾಸಿಗೆ ಬಟ್ಟೆಗಳ ರಾಶಿಯ ನಡುವೆ ಪರಿಚಿತ ಮುಖವೊಂದು ಬೆಳಗುತ್ತಿದೆ. ಅದು ಕಣ್ಣಿನ ಥಿಯೇಟರಿನ ಹಳೇ ಕಂಪ್ಯೂಟರು. ಗುಜರಿ ಕೋಣೆಗೆ ಹೋಗಬೇಕಾಗಿದ್ದದ್ದು. ಪಕ್ಕದಲ್ಲಿ ಲಾಂಡ್ರಿ ಮೇಸ್ತ್ರಿ ಹಾಡಿಗೆ ತಲೆದೂಗುತ್ತ ದಿಂಬಿನ ಕವರು ಮಡಿಸುತ್ತಿದ್ದಾರೆ.

"ಇದಿಲ್ಲಿಗೆ ಹೇಗೆ ಬಂತು ಮೇಸ್ತ್ರಿ?"

"ಗುಜರಿಗೆ ಹೋಗೋ ದಾರೀಲಿ ನಮ್ಮ ಬಾಗಿಲ ಮುಂದೆ ಸುಸ್ತಾಗಿ ನಿಂತಿತ್ತಕ್ಕ. ಪಾಪ ಅನ್ನಿಸ್ತು. ತಂತಿ ಸಿಕ್ಕಿಸಿದೆ, ಎಷ್ಟು ಚೆನ್ನಾಗಿ ಹಾಡುತ್ತೆ ಗೊತ್ತಾ! ನಡುನಡುವೆ ಹಾಡು ನಿಂತುಹೋಗುತ್ತೆ, ನಿಮಗೇ ಹೇಳೋಣ ಅಂತಿದ್ದೆ."

ನೆಟ್ಟಕ್ಕನಿಗೆ ಅರ್ಧ ಸಂಗತಿ ಹೊಳೆಯುತ್ತದೆ. ಥಿಯೇಟರಿಗೆ ಹೊಸ ಕಂಪ್ಯೂಟರು ಬಂದದ್ದು ಕೆಲವೇ ದಿನಗಳ ಹಿಂದೆ. ಅಲ್ಲಿ ಕಣ್ಣಿನ ಅಳತೆ ತೆಗೆಯುವ ಯಂತ್ರವೊಂದಿದೆ. ಅದಕ್ಕೆ ತಾನು ಬಲ್ಲ ಒಂದೇ ಒಂದು ಮ್ಯಾಕ್ ಅಡ್ರೆಸ್ಸಿನೊಂದಿಗೆ ಮಾತ್ರ ಮಾತು. ಬೇರೆಯವರು ಬಂದರೆ ಮುಖ ತಿರುಗಿಸುತ್ತದೆ. ಹೊಸಬರ ಪರಿಚಯ ಮಾಡಿಸಲು ಕಂಪನಿಯವರೇ ಬರಬೇಕು. ಅವರನ್ನು ಯಾವಾಗ ಕೇಳಿದರೂ ಮುಂದಿನ ವಾರ. ಆಗ ನೆಟ್ಟಕ್ಕ ತಮ್ಮ ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು, ಹೊಸ ಕಂಪ್ಯೂಟರಿಗೆ ಹಳೆಯದರ ಅಡ್ರೆಸ್ಸನ್ನೇ ತೊಡಿಸಿಬಿಟ್ಟರು. ಯಂತ್ರ ಮರುಮಾತಿಲ್ಲದೆ ಒಪ್ಪಿಕೊಂಡಿತು. ಅವತ್ತು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು, ಕ್ಯಾಂಟೀನಿನಲ್ಲಿ ಎರಡನೇ ಚಹಾ ಕುಡಿದದ್ದೂ ಉಂಟು. ಪರೀಕ್ಷೆಗೆಂದು ಅವತ್ತಿನಿಂದ ನಿನ್ನೆಯವರೆಗೆ ಅದನ್ನು ಮಲಗಿಸಿರಲೇ ಇಲ್ಲ. ಮೊದಲ ಸಲ ಮಲಗಿಸಿದ್ದು ನಿನ್ನೆ ಸಂಜೆ.

ಕರೆ ಅದೇ ಹೆಸರಿನ ಹಳೆಯದಕ್ಕೆ ಹೋಗಿ ಮುಟ್ಟಿ, ಅದು ಎದ್ದು ನಿನ್ನೆ ನಿಂತ ಹಾಡನ್ನೇ ಮುಂದುವರಿಸಿತು, ಸರಿ. ಆದರೆ ಆ ಕರೆ ಎಲ್ಲರಿಗೂ ಕೇಳಿಸುವಂಥದ್ದು. ಹೊಸದಕ್ಕೂ ಅದೇ ಹೆಸರಿದೆಯಲ್ಲ, ಅದೇಕೆ ಏಳಲಿಲ್ಲ? ಮೇಸ್ತ್ರಿಯ ಹಾಡಿನ ಪ್ಲಗ್ ಕಿತ್ತು, "ಇನ್ನೂ ಚರಣ ಬಾಕಿ ಇತ್ತಲ್ಲಕ್ಕ" ಎಂಬ ಗೋಳನ್ನು ಬೆನ್ನ ಹಿಂದೆ ಬಿಟ್ಟು, ಮತ್ತೆ ಕರೆಯುತ್ತಾರೆ. ಉತ್ತರವಿಲ್ಲ. ಇನ್ನೊಂದು ಸಲ ಕರೆಯುತ್ತಾರೆ. ಮೇಲಿನಿಂದ ಸಿಸ್ಟರದು ಒಂದೇ ರಾಗ: ದೀಪ ಬಂದಿಲ್ಲ.

ಒಳಗೆ ಹೋಗಿ ಗುಂಡಿ ಒತ್ತಬಹುದಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಥಿಯೇಟರನ್ನು ನಿನ್ನೆಯೇ ಔಷಧಿ ಹೊಗೆ ಹಾಕಿ ಶುದ್ಧ ಮಾಡಿ ಮುಚ್ಚಲಾಗಿದೆ. ಪರದೆ, ದೀಪ ಬಿಟ್ಟರೆ ಕಂಪ್ಯೂಟರು ಇರುವುದು ಗೋಡೆಯ ಎತ್ತರದಲ್ಲಿ, ತಿರುಪು ಬಿಗಿದ ಹಲಗೆಯ ಹಿಂದೆ. ಹಲಗೆ ಬಿಚ್ಚಿದರೆ ಧೂಳು, ಧೂಳೆದ್ದರೆ ಮತ್ತೆ ಶುದ್ಧಿ, ಇವತ್ತಿನ ಆಪರೇಷನ್ನುಗಳೆಲ್ಲ ಮುಂದಕ್ಕೆ. ಯಾರ ಕಣ್ಣಿಗೆ ಎಂಥ ಮಸೂರ ಎಂಬ ಲೆಕ್ಕವೆಲ್ಲ ಅದರ ಹೊಟ್ಟೆಯೊಳಗೇ ಇರುವುದರಿಂದ ಅದನ್ನು ಬಿಟ್ಟು ಶುರುಮಾಡುವಂತೆಯೂ ಇಲ್ಲ. ಡಾಕ್ಟರು ಬಂದು ಕೈ ತೊಳೆಯುವುದರೊಳಗೆ ಅದು ತಾನಾಗಿ ಏಳಬೇಕು.

ಕಾಲಿಗೆ ಬುದ್ಧಿ ಹೇಳಿ ನೆಟ್ಟಕ್ಕ ಮೂರನೇ ಮಹಡಿಗೆ ಓಡುತ್ತಾರೆ. ಬಾಗಿಲ ಗಾಜಿಗೆ ಮೂಗು ಒತ್ತಿ ನೋಡಿದರೆ ಒಳಗೆ ಕತ್ತಲೆ. ಬೆಂಚಿನ ಮೇಲಿನ ಅತ್ತೆಗೆ ಸೊಸೆಯ ಮುಖ ಕಾಣುವುದಿಲ್ಲ, ಆದರೆ ಏದುಸಿರು ಕೇಳುತ್ತದೆ.

"ಏ ಇವಳೇ, ಏನಾಯ್ತೇ?"

"ಏನಿಲ್ಲ ಅತ್ತೆ. ಒಂದು ಕಂಪ್ಯೂಟರು ಏಳ್ತಾ ಇಲ್ಲ. ಆಗಿಂದ ಹೆಸರು ಹಿಡಿದು ಕರೀತಾ ಇದೀನಿ."

"ಏನು ಹೆಸರು ಅದರದ್ದು?"

"ಹಳೇದರ ಹೆಸರು. ಅದನ್ನೇ ಇದಕ್ಕೂ ಇಟ್ಟಿದೀನಿ."

ಅತ್ತೆ ಹಲ್ಲಿಲ್ಲದ ಬಾಯಿ ತುಂಬ ನಗುತ್ತಾರೆ. "ಇಟ್ಟ ಹೆಸರಿಗೆ ನಿದ್ದೇಲಿ ಯಾರೇ ಏಳ್ತಾರೆ? ನಿಮ್ಮ ಮಾವನವರನ್ನ ಆಫೀಸಲ್ಲಿ ಎಲ್ಲರೂ ಸಾಹೇಬ್ರು ಅನ್ನೋರು. ಎಚ್ಚರವಾಗಿದ್ದಾಗ ಆ ಹೆಸರಿಗೆ ಕತ್ತು ನಿಮಿರಿಸ್ಕೊಂಡು ತಿರುಗೋರು. ಮಲಗಿದಾಗ ಸಾಹೇಬ್ರೇ ಅಂತ ನೂರು ಸಲ ಕೂಗು, ಗೊರಕೆ ನಿಲ್ತಿರ್ಲಿಲ್ಲ. ಚಿಕ್ಕಂದಿನಲ್ಲಿ ಅವರಮ್ಮ ಕಡ್ಡಿ ಅಂತಿದ್ರು. ಮೆಲ್ಲಗೆ 'ಕಡ್ಡೀ' ಅಂದ್ರೆ ಸಾಕು, ದಡಬಡ ಎದ್ದು ಕೂರೋರು!"

ನೆಟ್ಟಕ್ಕ ನಿಂತಲ್ಲೇ ನಿಂತುಬಿಡುತ್ತಾರೆ. ಆಮೇಲೆ ತಮ್ಮ ತಲೆಗೆ ತಾವೇ ಒಂದು ಮೊಟಕಿಕೊಳ್ಳುತ್ತಾರೆ. ತೊಡಿಸಿದ ಅಡ್ರೆಸ್ಸು ಕಂಪ್ಯೂಟರಿಗೆ ನೆನಪಿರುವುದು ಎಚ್ಚರವಿರುವಾಗ ಮಾತ್ರ. ಮಲಗಿದ ಕೂಡಲೇ ಅದು ಕಳಚಿಬಿದ್ದು, ಕಾರ್ಖಾನೆಯ ಹುಟ್ಟುಹೆಸರಷ್ಟೇ ಉಳಿದಿರುತ್ತದೆ. "ಇದು ನನಗೆ ಗೊತ್ತಿಲ್ಲದ್ದಲ್ಲ. ಮೊದಲ ವರ್ಷವೇ ಕಲಿತಿದ್ದೆ. ಜಾಣತನ ಜಾಸ್ತಿಯಾಗಿ ಮರೆತುಹೋಗಿತ್ತು" ಎಂದು ಆಮೇಲೆ ಅವರೇ ಹೇಳಿಕೊಂಡರು.

ಹುಟ್ಟುಹೆಸರು ಬರೆದಿರುವುದು ಹೊಸ ಕಂಪ್ಯೂಟರಿನ ರಟ್ಟಿನ ಡಬ್ಬಕ್ಕೆ ಅಂಟಿಸಿದ ಚೀಟಿಯಲ್ಲಿ. ಡಬ್ಬ ಎಲ್ಲಿ? ಈ ಆಸ್ಪತ್ರೆಯಲ್ಲಿ ಬಿಸಾಡಿದ್ದೆಲ್ಲ ಎಲ್ಲಿ ಹೋಗಿ ಸೇರುತ್ತದೋ ಅಲ್ಲಿಯೇ, ಕೆಳಗೆ ಲಾಂಡ್ರಿಯಲ್ಲಿ. ಮೇಸ್ತ್ರಿ ಅದರಲ್ಲಿ ದಿಂಬಿನ ಕವರು ತುಂಬಿಸಿಟ್ಟು, ಮಡಚಿಕೆ ಬಿಡದಿರಲೆಂದು ಸುತ್ತಲೂ ಅಂಟುಪಟ್ಟಿ ಬಿಗಿದಿದ್ದಾರೆ. ನೆಟ್ಟಕ್ಕ ಇಳಿದು ಓಡಿಬಂದು ಪಟ್ಟಿ ಎಳೆಯುತ್ತಾರೆ. ಪಟ್ಟಿಯ ಜೊತೆಗೆ ಚೀಟಿಯ ಒಂದು ಮೂಲೆಯೂ ಕಿತ್ತು ಬರುತ್ತದೆ. ಹನ್ನೊಂದು ಅಕ್ಷರ ಉಳಿದಿವೆ, ಕೊನೆಯದು ಮಾಯ.

"ಒಂದಕ್ಷರ ತಾನೇ ಅಕ್ಕ, ಅಡ್ಜಸ್ಟ್ ಮಾಡ್ಕೊಳಲ್ವಾ ಅದು?" ಎನ್ನುತ್ತಾರೆ ಮೇಸ್ತ್ರಿ.

ಅಡ್ಜಸ್ಟ್ ಮಾಡಿಕೊಳ್ಳುವ ಜಾತಿ ಅಲ್ಲ ಅದು. ಆದರೆ ಆ ಜಾಗದಲ್ಲಿ ಬರಬಹುದಾದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಇಲ್ಲವೇ ಮೊದಲ ಆರು ಇಂಗ್ಲಿಷ್ ಅಕ್ಷರಗಳಲ್ಲೊಂದು. ಒಟ್ಟು ಹದಿನಾರೇ. ಮನೆಯಲ್ಲಿ ಅತ್ತೆ ಮೊಮ್ಮಗನನ್ನು ಕರೆಯಬೇಕಾದಾಗ ಹೆಸರು ನಾಲಿಗೆಗೆ ಬರದೆ, ಮಗ, ಅಳಿಯ, ತಮ್ಮ, ಪಕ್ಕದ ಮನೆಯವನು ಎಲ್ಲರ ಹೆಸರನ್ನೂ ಒಂದೇ ಉಸಿರಿಗೆ ಕೂಗಿಬಿಡುತ್ತಾರೆ. ಅದರಲ್ಲಿ ತನ್ನದು ಬಂದಾಗ ಮೊಮ್ಮಗ ಓಡಿಬರುತ್ತಾನೆ. ನೆಟ್ಟಕ್ಕ ಮಾಡುವುದೂ ಅದನ್ನೇ. ಹದಿನಾರು ಹೆಸರುಗಳನ್ನೂ ಸಾಲಾಗಿ ಕೂಗುವಂತೆ ಒಂದೇ ಸಾಲಿನ ಆಜ್ಞೆ ಬರೆದು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಎಂಟರ್ ಒತ್ತುತ್ತಾರೆ.

ಫೋನಿನಲ್ಲಿ ಉಸಿರಾಟ ಮಾತ್ರ ಕೇಳುತ್ತಿದೆ. ಮೇಸ್ತ್ರಿ ದಿಂಬಿನ ಕವರೊಂದನ್ನು ಹಿಂಡುತ್ತ ನಿಂತಿದ್ದಾರೆ.

"ಬಂತಕ್ಕಾ! ಹಸಿರು ದೀಪ ಬಂತು! ಅಯ್ಯೋ, ಡಾಕ್ಟರೂ ಬಂದ್ರು, ಇಡ್ತೀನಿ."

ಹದಿನಾರರಲ್ಲಿ ಯಾವ ಹೆಸರಿಗೆ ಎದ್ದಿತೋ ಆ ಕ್ಷಣಕ್ಕೆ ನೆಟ್ಟಕ್ಕನಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕುರ್ಚಿಯಲ್ಲಿ ಕುಸಿದು ಶಾಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಬೆವರೋ ಕಣ್ಣೀರೋ ಎಂದು ಕೇಳಿದರೆ, "ಲಾಂಡ್ರಿ ಪಕ್ಕದ ಕೋಣೆ ಅಲ್ವಾ, ಎಲ್ಲ ಒಂದೇ" ಎನ್ನುತ್ತಾರೆ. ಮೇಲೆ ಡಾಕ್ಟರು ಒಳಗೆ ಹೋಗಿ, ಬೆಳಗುತ್ತಿರುವ ಪರದೆಯನ್ನು ದಿನವೂ ನೋಡುವಂತೆ ಒಮ್ಮೆ ನೋಡಿ, ಶುರು ಮಾಡೋಣ ಎಂದಿದ್ದಾರೆ. ನಡೆದದ್ದೊಂದೂ ಅವರವರೆಗೆ ಹೋಗಿಲ್ಲ. ಹೋಗದಿರುವುದೇ ನೆಟ್ಟಕ್ಕನ ಕೆಲಸ ಸರಿಯಾಗಿದೆ ಎಂಬುದಕ್ಕೆ ಗುರುತು.

ಸಂಜೆಯ ಹೊತ್ತಿಗೆ ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೆಲಮಾಳಿಗೆಯ ಕೋಣೆಯಲ್ಲಿ ಕೂತಿದ್ದಾರೆ; ಸೊಸೆ ಮಹಡಿಗಳನ್ನು ಮಲಗಿಸಿ ಮುಗಿಸುವವರೆಗೆ ಕಾಯಬೇಕು. ಹಳೇ ಕಂಪ್ಯೂಟರು ಕೊನೆಗೂ ಗುಜರಿ ಸೇರಿದೆ. ಮೇಸ್ತ್ರಿಗೆ ಸಮಾಧಾನಕ್ಕೆಂದು ನೆಟ್ಟಕ್ಕ ತಮ್ಮ ಹಳೇ ರೇಡಿಯೋ ಕೊಡುವುದಾಗಿ ಒಪ್ಪಿದ್ದಾರೆ. ಥಿಯೇಟರಿನ ಹೊಸ ಕಂಪ್ಯೂಟರಿಗೆ ಇನ್ನು ಮುಂದೆ ಎಬ್ಬಿಸಲು ಹುಟ್ಟುಹೆಸರು, ದುಡಿಯಲು ಇಟ್ಟ ಹೆಸರು.

"ರಕ್ತ ತೆಗೆಯೋ ಕಡೆ ಯಾವುದೋ ಕಂಪ್ಯೂಟರಿಗೆ ಅತ್ತೆ ಅಂತ ಹೆಸರಿಟ್ಟಿದೀಯಂತೆ?" ಎಂದು ಅತ್ತೆ ಇದ್ದಕ್ಕಿದ್ದಂತೆ ಕೇಳುತ್ತಾರೆ. ಸಿಸ್ಟರು ಬಾಯಿಬಿಟ್ಟಿದ್ದಾರೆ.

ನೆಟ್ಟಕ್ಕನ ಬೆರಳು ಕೀಲಿಮಣೆಯ ಮೇಲೆ ತಡವರಿಸುತ್ತದೆ. "ಅದು... ಯಾರೂ ಕರೆಯೋ ಮೊದಲೇ ಎದ್ದು ಕೂತಿರುತ್ತೆ ಅತ್ತೆ. ಅದಕ್ಕೇ."

"ಸರಿಯಾಗೇ ಇಟ್ಟಿದೀಯ." ಅತ್ತೆ ಕಣ್ಣಿನ ಪಟ್ಟಿ ಸರಿಮಾಡಿಕೊಂಡು, "ನಿಮ್ಮಮ್ಮ ನಿನ್ನ ಏನಂತ ಕರೀತಿದ್ರೇ?" ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ "ಏ ಇವಳೇ" ಎಂದೇ ಕರೆದವರು ಇದನ್ನು ಕೇಳುತ್ತಿರುವುದು ಇದೇ ಮೊದಲು.

"ಬುಗುರಿ ಅಂತ. ಒಂದು ಕಡೆ ನಿಲ್ತಿರ್ಲಿಲ್ಲವಂತೆ ನಾನು."

ಮರುದಿನ ಬೆಳಿಗ್ಗೆ ಕೆಲಸದ ನಡುವೆ ನೆಟ್ಟಕ್ಕ ಇದನ್ನು ಬರೆಯುತ್ತಿರುವವರಿಗೆ ತಾವಾಗಿ ಫೋನು ಮಾಡುತ್ತಾರೆ. ಹಿನ್ನೆಲೆಯಲ್ಲಿ ಕೀಲಿಮಣೆಯ ಟಕಟಕ. ಅತ್ತೆಯ ಪಟ್ಟಿ ಇವತ್ತು ಬಿಚ್ಚುತ್ತಾರಂತೆ, ಸೊಸೆ ಯಾವುದರಿಂದ ಕೂಗುತ್ತಾಳೋ ಆ ಕಪ್ಪು ಪರದೆಯನ್ನು ಮೊದಲು ನೋಡಬೇಕೆಂದು ಹಟ ಹಿಡಿದಿದ್ದಾರಂತೆ. ಅದಲ್ಲ ವಿಷಯ, ಇನ್ನೊಂದಿದೆ ಎಂದು ಅವರು ದನಿ ತಗ್ಗಿಸುತ್ತಾರೆ. ನಸುಕಿನಲ್ಲಿ, ಪಾತ್ರೆಯೊಳಗಿನ ಅಲಾರಾಂ ಹೊಡೆದುಕೊಳ್ಳುವ ಮೊದಲೇ, ಗೋಡೆ ಹಿಡಿದು ನಡೆದು ಬಂದ ಅತ್ತೆ ಹಾಸಿಗೆಯ ಪಕ್ಕ ಕೂತು, ತಲೆ ಮುಟ್ಟಿ, "ಬುಗುರೀ, ಏಳೇ, ಹೊತ್ತಾಯ್ತು" ಎಂದರಂತೆ.

ಫೋನಿನಲ್ಲಿ ಟಕಟಕ ನಿಲ್ಲುತ್ತದೆ.

"ಒಂದೇ ಸಲಕ್ಕೆ ಎದ್ದೆ ನೋಡಿ."